ನೀರಿಗೆ ಬಿದ್ದ ಡ್ರೋನ್: ಆನ್ ಮಾಡಿ ನೋಡುವ ಆತುರ ಬೇಡ

ನೀರು ಕುಡಿದು ರಿಪೇರಿ ಬೆಂಚಿಗೆ ಬರುವ ಡ್ರೋನುಗಳಲ್ಲಿ ಎರಡು ಜಾತಿ. ನೀರಿನಿಂದ ಎತ್ತಿದ ಕೂಡಲೇ ಬ್ಯಾಟರಿ ಬಿಚ್ಚಿ ತಂದದ್ದು ಒಂದು. ಒರೆಸಿ, ಒಂದು ರಾತ್ರಿ ಫ್ಯಾನಿನ ಕೆಳಗಿಟ್ಟು, ‘ಆನ್ ಆಗುತ್ತಾ ನೋಡೋಣ’ ಎಂದು ಬಟನ್ ಒತ್ತಿದ ಮೇಲೆ ತಂದದ್ದು ಇನ್ನೊಂದು. ಮೊದಲನೆಯದು ಕೆರೆಗೋ ಈಜುಕೊಳಕ್ಕೋ ಬಿದ್ದದ್ದಾದರೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಎರಡನೆಯದರ ಮುಚ್ಚಳ ತೆಗೆದರೆ ಹಸಿರು ಕಿಲುಬು, ಕಪ್ಪಾದ ಚಿಪ್, ಅಲ್ಲಲ್ಲಿ ಕರಗಿಹೋದ ತಾಮ್ರದ ಗೆರೆ. ಎರಡೂ ಒಂದೇ ಕೆರೆಗೆ ಬಿದ್ದವಾಗಿದ್ದರೂ ಹೀಗೇ.

ಕಾರಣ ಸರಳ. ಬೋರ್ಡು ಬರೀ ಒದ್ದೆಯಾಗಿದ್ದರೆ ತಾಮ್ರ ಹಾಳಾಗಲು ದಿನಗಳೇ ಬೇಕು. ಅದೇ ಒದ್ದೆ ಬೋರ್ಡಿಗೆ 3.3 ಅಥವಾ 5 ವೋಲ್ಟ್ ಸಿಕ್ಕಿತೆಂದರೆ ಪ್ಲಸ್ ಕಡೆಯ ತಾಮ್ರ ನೀರಿನಲ್ಲಿ ಕರಗಿ ಮೈನಸ್ ಕಡೆಗೆ ಹೋಗಿ ಕೂರುತ್ತದೆ. ನೀರನ್ನು ಒಡೆಯಲು ಸುಮಾರು 1.23 ವೋಲ್ಟ್ ಸಾಕು, ಡ್ರೋನಿನ ಬೋರ್ಡಿನಲ್ಲಿ ಅದಕ್ಕಿಂತ ಕಡಿಮೆ ಇರುವ ಗೆರೆಗಳು ಕೆಲವೇ. ಚಿಪ್ಪಿನ ಒಂದು ಕಾಲಿಗೂ ಇನ್ನೊಂದಕ್ಕೂ ನಡುವೆ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಕರಗಿದ ಲೋಹ ಆ ಸಂದಿನಲ್ಲಿ ಸೇತುವೆ ಕಟ್ಟಿತೆಂದರೆ ಶಾರ್ಟ್. ಹೀಗಾಗಿ ಈ ಕೆಲಸದಲ್ಲಿ ಮೊದಲ ಹತ್ತು ನಿಮಿಷದ ಬೆಲೆ ಆಮೇಲಿನ ಹತ್ತು ಗಂಟೆಗಳಿಗಿಲ್ಲ.

ಮೊದಲು ಡ್ರೋನ್ ಕೈಗೆ ಸಿಗಬೇಕಲ್ಲ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರಿನೊಳಗೆ ಹೋಗುವುದಿಲ್ಲ. ಆದ್ದರಿಂದ ಆ್ಯಪ್‌ನ ನಕ್ಷೆಯಲ್ಲಿ ಕಾಣುವ ಕೊನೆಯ ಚುಕ್ಕೆ ಎಂದರೆ ಹೆಚ್ಚುಕಡಿಮೆ ಅದು ಮುಳುಗಿದ ಜಾಗ. ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ದಡದ ಎರಡು ಬೇರೆ ಬೇರೆ ಜಾಗಗಳಲ್ಲಿ ನಿಂತು ಆ ಕಡೆಗೆ ಸಾಲಾಗಿ ಕಾಣುವ ಮರ, ಕಂಬ ಗುರುತಿಟ್ಟುಕೊಳ್ಳಿ. ನಿಂತ ನೀರಾದರೆ ಅಲ್ಲೇ ಸುತ್ತಮುತ್ತ ಇರುತ್ತದೆ, ಹೊಳೆಯಾದರೆ ಹರಿವಿನ ಕೆಳಕ್ಕೆ ಹುಡುಕಬೇಕು. ಹೂಳು ತುಂಬಿದ ಕೆರೆಗೆ ಒಬ್ಬರೇ ಇಳಿಯಬೇಡಿ. ಮೊಣಕಾಲುದ್ದ ಎಂದು ಕಾಣುವಲ್ಲಿ ಸೊಂಟದವರೆಗೆ ಹೂಳಿರುತ್ತದೆ, ಜೊಂಡು ಕಾಲಿಗೆ ಸುತ್ತಿಕೊಳ್ಳುತ್ತದೆ. ಮೀನು ಹಿಡಿಯುವವರ ತೆಪ್ಪವೋ ಹರಿಗೋಲೋ ಕರೆಸಿ, ಉದ್ದ ಬಿದಿರಿನ ತುದಿಗೆ ಬಲೆ ಅಥವಾ ಮೂರು ಮುಳ್ಳಿನ ಗಾಳ ಕಟ್ಟಿ ಎಳೆಯುವುದೇ ಕ್ಷೇಮ. ಡ್ರೋನಿನ ಕಾಲು, ಪ್ರೊಪೆಲ್ಲರ್ ಗಾಳಕ್ಕೆ ಚೆನ್ನಾಗಿ ಸಿಗುತ್ತವೆ. ಗಾಳ ಬ್ಯಾಟರಿಗೆ ಚುಚ್ಚದಂತೆ ನಿಧಾನವಾಗಿ ಎಳೆಯಬೇಕು.

ಮೇಲೆ ಬಂದದ್ದೇ ಬ್ಯಾಟರಿ ತೆಗೆಯಿರಿ. ಪವರ್ ಬಟನ್ ಒತ್ತಿ ಆಫ್ ಮಾಡುತ್ತ ಕೂರಬೇಡಿ, ನೇರ ಎಳೆದು ತೆಗೆಯಿರಿ. ಆದರೆ ಒಂದು ಎಚ್ಚರಿಕೆ: ಬ್ಯಾಟರಿ ಬಿಸಿಯಾಗಿದ್ದರೆ, ಉಬ್ಬಿದ್ದರೆ, ಹೊಗೆಯಾಡುತ್ತಿದ್ದರೆ ಅಥವಾ ನೇಲ್ ಪಾಲಿಶ್‌ನಂಥ ಸಿಹಿ ವಾಸನೆ ಬರುತ್ತಿದ್ದರೆ ಮುಟ್ಟದೆ ದೂರ ಸರಿಯಿರಿ. ಆಗ ಉಳಿಸಬೇಕಾದದ್ದು ನಿಮ್ಮ ಕೈ, ಕಣ್ಣು. ತಣ್ಣಗಿದ್ದರೆ ತೆಗೆದು, ಮನೆಯಿಂದಲೂ ಗಾಡಿಯಿಂದಲೂ ದೂರ, ಸಿಮೆಂಟ್ ನೆಲದ ಮೇಲೆ ಮರಳಿನ ಬಕೆಟ್ಟಿನಲ್ಲಿ ಕನಿಷ್ಠ ಎರಡು ದಿನ ಬಿಡಿ. ಫೋಟೋ ಡ್ರೋನುಗಳ ಬ್ಯಾಟರಿಯೊಳಗೆ ಸೆಲ್ಲುಗಳ ಜೊತೆ ಒಂದು ಪುಟ್ಟ ಬೋರ್ಡೂ ಇರುತ್ತದೆ. ಅದಕ್ಕೆ ನೀರು ಸೇರಿದರೆ ಗಂಟೆಗಳು ಕಳೆದ ಮೇಲೂ ಶಾರ್ಟ್ ಆಗಿ ಬಿಸಿಯೇರಬಹುದು. ಅಂಥ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು. ಗ್ರಾಹಕರು ಇಲ್ಲಿ ಎಷ್ಟು ಚೌಕಾಶಿ ಮಾಡಿದರೂ ನಾವು ಬಗ್ಗುವುದಿಲ್ಲ. ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಖಾಲಿಯಾಗುತ್ತದೆ ಎಂಬ ಮಾತನ್ನೂ ನಂಬಬೇಡಿ. ತುದಿಗಳು ತುಕ್ಕು ಹಿಡಿದು ಕಳಚುತ್ತವೆ, ಒಳಗಿನ ಚಾರ್ಜು ಹಾಗೇ ಉಳಿದುಬಿಡಬಹುದು. ಎರಡು ದಿನವಾದ ಮೇಲೂ ತಣ್ಣಗಿದ್ದರೆ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ, ಕಸದ ಗಾಡಿಗೆ ಹಾಕಬೇಡಿ.

ಬ್ಯಾಟರಿ ತೆಗೆದರೂ ಬೋರ್ಡಿಗೆ ಕರೆಂಟು ಪೂರ್ತಿ ನಿಂತಿತು ಎಂದುಕೊಳ್ಳುವಂತಿಲ್ಲ. ಎಫ್‌ಪಿವಿ ಡ್ರೋನುಗಳ (ಕ್ಯಾಮೆರಾದ ನೋಟವನ್ನು ಕನ್ನಡಕದಲ್ಲಿ ನೋಡುತ್ತ ಹಾರಿಸುವವು) ಹಲವು ಜಿಪಿಎಸ್ ಮಾಡ್ಯೂಲುಗಳ ಮೇಲೆ, ಉಪಗ್ರಹಗಳ ಲೆಕ್ಕ ನೆನಪಿಡಲು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಬ್ಯಾಕಪ್ ಸೆಲ್ ಇರುತ್ತದೆ. ಬೇರೆಲ್ಲ ಸ್ವಚ್ಛವಾಗಿದ್ದು ಆ ಸೆಲ್ಲಿನ ಸುತ್ತ ಮಾತ್ರ ಕಿಲುಬು ಕಟ್ಟುವುದು ಇದಕ್ಕೇ. ಮಾಡ್ಯೂಲಿನ ವೈರನ್ನು ಬೇಗ ಕಿತ್ತಿಡಿ, ತೊಳೆಯುವಾಗ ಅದನ್ನೇ ಮೊದಲು ತೊಳೆಯಿರಿ. ಮೆಮೊರಿ ಕಾರ್ಡನ್ನು ಹೊರತೆಗೆದು ಶುದ್ಧ ನೀರಿನಲ್ಲಿ ಅದ್ದಿ ಒಣಗಿಸಿದರೆ ಬಿದ್ದ ಕ್ಷಣದವರೆಗಿನ ವಿಡಿಯೋ ಸಾಮಾನ್ಯವಾಗಿ ಸಿಗುತ್ತದೆ. ಒದ್ದೆ ಕಾರ್ಡನ್ನು ರೀಡರಿಗೆ ತುರುಕಬೇಡಿ ಅಷ್ಟೇ.

ಈಗ ಬಿದ್ದದ್ದು ಯಾವ ನೀರಿಗೆ ಎಂಬುದನ್ನು ಕೇಳಬೇಕು. ಮಳೆನೀರು ಸೌಮ್ಯ. ಕೆರೆ ನೀರಿನಲ್ಲಿ ಉಪ್ಪಿಗಿಂತ ಕೆಸರು, ಪಾಚಿಯ ಕಾಟ ಹೆಚ್ಚು. ಬೋರ್‌ವೆಲ್ ನೀರು ತುಂಬಿದ ಈಜುಕೊಳವಾದರೆ ಒಣಗಿದ ಮೇಲೆ ಬಿಳಿ ಸುಣ್ಣದ ಪದರ ಉಳಿಯುತ್ತದೆ. ಸಮುದ್ರದ ಕಥೆ ಬೇರೆಯೇ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ನಲ್ಲಿ ನೀರಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಕರೆಂಟು ಹರಿಸುವ ಗುಣ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಸಮುದ್ರಕ್ಕೆ ಬಿದ್ದ ಡ್ರೋನನ್ನು ಬೆಂಗಳೂರಿಗೆ ತರುವಷ್ಟರಲ್ಲಿ ಒಳಗೆ ಉಪ್ಪು ಹರಳುಗಟ್ಟಿರುತ್ತದೆ, ಆ ಉಪ್ಪು ಗಾಳಿಯ ತೇವವನ್ನು ಮತ್ತೆ ಮತ್ತೆ ಹೀರಿಕೊಂಡು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಹಾಗಾಗಿ ಸಮುದ್ರಕ್ಕೆ ಬಿದ್ದದ್ದನ್ನು ಒಣಗಲು ಬಿಡಬಾರದು. ಬ್ಯಾಟರಿ ತೆಗೆದ ಡ್ರೋನನ್ನು ಸಿಹಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ನೀರು ಎರಡು ಮೂರು ಸಲ ಬದಲಿಸಿ, ಬಿಚ್ಚುವವರ ಕೈಗೆ ಒದ್ದೆಯಾಗಿಯೇ ಕೊಡಿ. ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ, ಆದರೆ ಸಮುದ್ರದ ಡ್ರೋನುಗಳಲ್ಲಿ ಉಳಿದವನ್ನು ಉಳಿಸಿದ್ದು ಈ ಬಕೆಟ್ಟೇ.

ತೊಳೆಯುವುದರಲ್ಲಿ ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಮೊಬೈಲ್ ರಿಪೇರಿಯವರ ಐಪಿಎ, ನೀರನ್ನು ಎಳೆದುಕೊಂಡು ಬೇಗ ಆರಿಹೋಗುತ್ತದೆ. ಆದರೆ ಉಪ್ಪನ್ನು ಕರಗಿಸುವುದಿಲ್ಲ. ಉಪ್ಪು ಹಿಡಿದ ಬೋರ್ಡಿಗೆ ನೇರವಾಗಿ ಐಪಿಎ ಹಾಕಿ ಉಜ್ಜಿದರೆ ಉಪ್ಪು ಅಲ್ಲೇ ಕೂರುತ್ತದೆ. ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಐಪಿಎ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 5 ಲೀಟರ್ ಕ್ಯಾನ್ ಇದ್ದರೆ ಒಂದು ಡ್ರೋನಿಗೆ ಧಾರಾಳ. ಮುಚ್ಚಳ, ತೋಳು, ಬೋರ್ಡುಗಳನ್ನು ಬಿಚ್ಚಿ, ಪ್ರತಿ ಸ್ಕ್ರೂ ಎಲ್ಲಿಯದು ಎಂದು ಕಾಗದದ ಮೇಲೆ ಚಿತ್ರ ಬರೆದು ಅಲ್ಲೇ ಅಂಟಿಸಿ. ಚಿಪ್ಪುಗಳ ಮೇಲಿನ ತಗಡಿನ ಡಬ್ಬಿಗಳಲ್ಲಿ ಕ್ಲಿಪ್ಪಿನವನ್ನು ಎತ್ತಲೇಬೇಕು. ನೀರು ಅಡಗುವುದು ಅವುಗಳ ಕೆಳಗೆ. ಬೋರ್ಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ಅಲುಗಿಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕನೆಕ್ಟರುಗಳ ಒಳಗೆ ತಿಕ್ಕಿ. ಬಳಿಕ 99 ಶೇಕಡಾ ಐಪಿಎಯಲ್ಲಿ ಐದು ನಿಮಿಷ ಮುಳುಗಿಸಿ, ಚೆಲ್ಲಿ, ಹೊಸ ಐಪಿಎಯಲ್ಲಿ ಇನ್ನೊಮ್ಮೆ. ಚಿಕ್ಕ ಬೋರ್ಡಿಗೆ ಸಲಕ್ಕೆ 200 ಮಿಲಿ ಸಾಕು. 70 ಶೇಕಡಾದ ಬಾಟಲಿ ಬೇಡ, ಉಳಿದ 30 ನೀರೇ. ಸ್ಯಾನಿಟೈಸರ್ ಅಂತೂ ಬೇಡವೇ ಬೇಡ, ಅದರ ಗ್ಲಿಸರಿನ್ ಬೋರ್ಡಿಗೆ ಅಂಟಿಕೊಳ್ಳುತ್ತದೆ. ಐಪಿಎಯ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್ಸಿಗೇ ಕಿಡಿ ಹಿಡಿಯಬಲ್ಲದು. ಕಿಟಕಿ ತೆರೆದಿರಲಿ, ಹತ್ತಿರ ಒಲೆಯಾಗಲಿ ಬಿಸಿ ಸೋಲ್ಡರಿಂಗ್ ಐರನ್ ಆಗಲಿ ಇರಬಾರದು. ಕ್ಯಾಮೆರಾ ಲೆನ್ಸನ್ನು ಇದರಲ್ಲಿ ಮುಳುಗಿಸಬೇಡಿ.

ಅಲ್ಟ್ರಾಸಾನಿಕ್ ಕ್ಲೀನರ್ ಇರುವ ಅಂಗಡಿಗಳು ಇಲ್ಲೊಂದು ತಪ್ಪು ಮಾಡುತ್ತವೆ. ಫೋನಿನ ಬೋರ್ಡಿನಂತೆ ಫ್ಲೈಟ್ ಕಂಟ್ರೋಲರನ್ನೂ, ಅಂದರೆ ಹಾರಾಟ ನಿಯಂತ್ರಿಸುವ ಬೋರ್ಡನ್ನೂ, ಅದರೊಳಗೆ ಹಾಕುತ್ತಾರೆ. ಡ್ರೋನಿನ ವಾಲಿಕೆ ಅಳೆಯುವ ಜೈರೋ ಚಿಪ್ಪಿನೊಳಗೆ ಹತ್ತಾರು ಕಿಲೋಹರ್ಟ್ಸಿನಲ್ಲಿ ಕಂಪಿಸುವ ಸಿಲಿಕಾನ್ ರಚನೆ ಇದೆ. 40 ಕಿಲೋಹರ್ಟ್ಸಿನ ಸ್ನಾನ ಅದನ್ನು ಮುರಿಯಬಹುದು, ಬೋರ್ಡು ಹೊರಗಿನಿಂದ ಫಳಫಳ ಹೊಳೆಯುತ್ತಿರುತ್ತದೆ ಆದರೆ ಡ್ರೋನ್ ನೆಟ್ಟಗೆ ನಿಲ್ಲುವುದಿಲ್ಲ. ಎತ್ತರ ಅಳೆಯುವ ಬ್ಯಾರೋಮೀಟರ್ ಚಿಪ್ಪಿನ ಮೇಲೆ ಸೂಜಿಮೊನೆಯಷ್ಟು ತೂತಿರುತ್ತದೆ. ಅದಕ್ಕೆ ಬ್ರಷ್ ತಾಗಿಸಬೇಡಿ, ಏರ್ ಬ್ಲೋವರ್ ಹಿಡಿಯಬೇಡಿ.

ಒಣಗಿಸಲು ಅಕ್ಕಿ ಡಬ್ಬಿ ಬೇಡ. ಅಕ್ಕಿ ಉಪ್ಪನ್ನು ತೆಗೆಯುವುದಿಲ್ಲ, ಅದರ ಹಿಟ್ಟು ಕನೆಕ್ಟರಿನೊಳಗೆ ಹೋಗಿ ಅಂಟಾಗುತ್ತದೆ. ಟೇಬಲ್ ಫ್ಯಾನಿನ ಗಾಳಿ ಒಂದು ದಿನ, ಬಳಿಕ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇನ್ನೊಂದು ದಿನ. ಬಿಸಿ ಕೊಡುವುದಾದರೆ 45 ಡಿಗ್ರಿ ಮೀರದಿರಲಿ. ‘ಒಣಗಿತಾ’ ಎಂಬ ಪ್ರಶ್ನೆಗೆ ಕಣ್ಣು ಉತ್ತರ ಕೊಡಲಾರದು, ತಕ್ಕಡಿ ಕೊಡುತ್ತದೆ. ಚಿನ್ನ ತೂಗುವಂಥ 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯ ಮೇಲೆ ಬೋರ್ಡನ್ನಿಟ್ಟು ಬರೆದುಕೊಳ್ಳಿ, ಆರು ಗಂಟೆ ಬಿಟ್ಟು ಮತ್ತೆ ತೂಗಿ. 31.46 ಇದ್ದದ್ದು 31.31 ಆಗಿ, ಆಮೇಲೆ 31.29ಕ್ಕೆ ಬಂದು, ಮುಂದಿನ ಎರಡು ಸಲವೂ ಅಲ್ಲೇ ನಿಂತರೆ ಒಳಗಿನ ತೇವ ಹೋಯಿತು ಎಂದು ಲೆಕ್ಕ. ಇನ್ನೂ ಇಳಿಯುತ್ತಿದ್ದರೆ ಯಾವುದೋ ಚಿಪ್ಪಿನ ಅಡಿಯಲ್ಲಿ ನೀರಿದೆ.

ಕರೆಂಟು ಕೊಡುವ ಮುನ್ನ ಪ್ರೊಪೆಲ್ಲರುಗಳನ್ನು ಕಳಚಿಡಿ. ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ಸಂಪರ್ಕ ಸಿಕ್ಕರೆ ಬೀಪ್ ಎನ್ನುವ ಸ್ಥಾನಕ್ಕೆ) ಇಟ್ಟು ಬ್ಯಾಟರಿ ಪ್ಯಾಡುಗಳಿಗೆ ಹಿಡಿಯಿರಿ. ಕ್ಷಣಮಾತ್ರ ಬೀಪ್ ಎಂದು ನಿಂತರೆ ಕೆಪಾಸಿಟರ್ ತುಂಬಿಕೊಂಡಿತು, ಸರಿ. ಬಿಡದೆ ಬೀಪ್ ಎನ್ನುತ್ತಿದ್ದರೆ ಶಾರ್ಟ್. 5 ವೋಲ್ಟ್, 3.3 ವೋಲ್ಟ್ ಗೆರೆಗಳಿಂದ ಗ್ರೌಂಡಿಗೆ ಪ್ರತಿರೋಧ ಅಳೆಯಿರಿ, ಒಂದೆರಡು ಓಮ್ ಮಾತ್ರ ತೋರಿಸಿದರೆ ಮುಂದೆ ಹೋಗಬೇಡಿ. ಎಲ್ಲ ಸರಿಯಿದ್ದರೆ ಎಫ್‌ಪಿವಿ ಬೋರ್ಡಿಗೆ ಮೊದಲು ಯುಎಸ್‌ಬಿ ಮಾತ್ರ. ಕಂಪ್ಯೂಟರಿನಲ್ಲಿ ಬೀಟಾಫ್ಲೈಟ್ (ಎಫ್‌ಪಿವಿ ಬೋರ್ಡುಗಳನ್ನು ಹೊಂದಿಸುವ ತಂತ್ರಾಂಶ) ತೆರೆದು ಡ್ರೋನನ್ನು ಕೈಯಲ್ಲಿ ವಾಲಿಸಿದಾಗ ಪರದೆಯ ಚಿತ್ರವೂ ಹಾಗೇ ವಾಲಬೇಕು, ಮೇಜಿನ ಮೇಲಿಟ್ಟರೆ ತಟಸ್ಥವಾಗಬೇಕು. ಆಮೇಲೆ ಕರೆಂಟಿಗೆ ಮಿತಿ ಹಾಕಬಲ್ಲ ಪವರ್ ಸಪ್ಲೈಯಿಂದ 12 ವೋಲ್ಟ್, ಅರ್ಧ ಆಂಪಿಯರ್. ಸಪ್ಲೈ ಇಲ್ಲದಿದ್ದರೆ 12 ವೋಲ್ಟ್ 21 ವಾಟಿನ ಗಾಡಿ ಬಲ್ಬನ್ನು ಪ್ಲಸ್ ವೈರಿನ ನಡುವೆ ಸೀರೀಸ್ ಆಗಿ ಸೇರಿಸಿ 3ಎಸ್ (ಮೂರು ಸೆಲ್ಲಿನ) ಬ್ಯಾಟರಿ ಹಾಕಿ. ಬಲ್ಬು ಒಮ್ಮೆ ಮಿನುಗಿ ಆರಿದರೆ ಚೆನ್ನ, ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಶಾರ್ಟ್, ಆದರೆ ಬೋರ್ಡು ಸುಡದೆ ಉಳಿಯಿತು. ಶಾರ್ಟ್ ಎಲ್ಲಿದೆ ಎಂದು ಹುಡುಕಲು ಒಣಗಿದ ಬೋರ್ಡಿನ ಮೇಲೆ ಬ್ರಷ್ಷಿನಿಂದ ತೆಳ್ಳಗೆ ಐಪಿಎ ಸವರಿ, ಬಾಟಲಿಯನ್ನು ಮುಚ್ಚಿ ದೂರವಿಟ್ಟು, 1 ವೋಲ್ಟ್ ಸುತ್ತ ಕರೆಂಟು ಕೊಡಿ. ಎಲ್ಲಕ್ಕಿಂತ ಮೊದಲು ಆರುವ ಚುಕ್ಕೆಯಲ್ಲೇ ಬಿಸಿಯಿದೆ. ಹೆಚ್ಚಿನ ಸಲ ಅದೊಂದು ಎಳ್ಳುಕಾಳಿನಷ್ಟು ಕೆಪಾಸಿಟರ್, ಬದಲಿಸಿದರೆ ಬೋರ್ಡು ಎದ್ದು ಕೂರುತ್ತದೆ.

ಮೋಟಾರುಗಳು ಜನ ಅಂದುಕೊಂಡದ್ದಕ್ಕಿಂತ ಗಟ್ಟಿ. ಬ್ರಷ್‌ಲೆಸ್ ಮೋಟಾರಿನ ತಾಮ್ರದ ತಂತಿಗೆ ಎನಾಮೆಲ್ ಲೇಪನ ಇರುವುದರಿಂದ ನೀರು ಸುರುಳಿಗೆ ಏನೂ ಮಾಡುವುದಿಲ್ಲ. ಹೋಗುವುದು ಬೇರಿಂಗ್. ತಿರುಗಿಸಿದಾಗ ಕರಕರ ಎಂದರೆ ಮರಳು, ತುಕ್ಕು. ಐಪಿಎ ಒಳಗಿನ ಗ್ರೀಸನ್ನೂ ತೊಳೆದುಬಿಡುವುದರಿಂದ ತೊಳೆದ ಮೇಲೆ ತೆಳುವಾದ ಬೇರಿಂಗ್ ಎಣ್ಣೆ ಒಂದು ಹನಿ ಹಾಕದೆ ಮುಚ್ಚಬೇಡಿ. ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್ ಇರುವ ಡ್ರೋನಿನಲ್ಲಿ ಮೊದಲು ಕೈಕೊಡುವುದು ಗಿಂಬಲ್ಲೇ. ಅದರ ರಿಬ್ಬನ್ ಕೂದಲಿನಷ್ಟು ಸೂಕ್ಷ್ಮ, ಲೆನ್ಸಿನೊಳಗೆ ಮಂಜು ಕಟ್ಟಿದರೆ ವಾರ ಬಿಟ್ಟರೂ ಕಲೆ ಹೋಗುವುದಿಲ್ಲ.

ಇಷ್ಟೆಲ್ಲ ಶ್ರಮ ಏಕೆ ಎಂದರೆ, 2022ರ ಫೆಬ್ರವರಿ 9ರಂದು ಕೇಂದ್ರ ಸರಕಾರ ವಿದೇಶಿ ಡ್ರೋನುಗಳ ಆಮದನ್ನು ನಿಷೇಧಿಸಿದ ಮೇಲೆ, ಬಿಡಿಭಾಗಗಳಿಗೆ ಅಡ್ಡಿಯಿಲ್ಲದಿದ್ದರೂ, ಹಳೆಯ ಡ್ರೋನಿನ ಸರಿಯಾದ ಬೋರ್ಡು ಹುಡುಕುವುದೇ ಒಂದು ಕೆಲಸ. ಆದರೂ ಸಮುದ್ರದಲ್ಲಿ ಬ್ಯಾಟರಿ ಸಮೇತ ರಾತ್ರಿಯಿಡೀ ಬಿದ್ದದ್ದರ ಮುಖ್ಯ ಬೋರ್ಡಿಗೆ ಹಣ ಸುರಿಯಬೇಡಿ ಎಂದೇ ನಾವು ಹೇಳುತ್ತೇವೆ. ಅದರ ಮೋಟಾರು, ತೋಳು, ಮುಚ್ಚಳಗಳನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ.

ಬೀಳುವ ಕಾರಣಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯಬೇಕು, ಅದನ್ನು ತಡೆಯುವುದು ಸುಲಭ. ದೋಣಿಯಿಂದ ಹಾರಿಸಿದಾಗ ಡ್ರೋನ್ ತನ್ನ ಮನೆ ಎಂದು ನೆನಪಿಟ್ಟುಕೊಳ್ಳುವುದು ಹಾರಿದ ಆ ಬಿಂದುವನ್ನು. ದೋಣಿ ಸಾಗಿ ಮುಂದೆ ಹೋಗಿರುತ್ತದೆ, ಬ್ಯಾಟರಿ ತಗ್ಗಿದಾಗ ಡ್ರೋನ್ ವಾಪಸು ಬಂದು ಆ ಬಿಂದುವಿನಲ್ಲಿ ನೀರಿನ ಮೇಲೆ ನಿಶ್ಚಿಂತೆಯಿಂದ ಇಳಿಯುತ್ತದೆ. ಹಾರಿಸುವಾಗ ಹೋಮ್ ಪಾಯಿಂಟನ್ನು ಆಗಾಗ ರಿಮೋಟಿನ ಜಾಗಕ್ಕೆ ಬದಲಿಸಿ. ನೀರಿಗೆ ತೀರ ಹತ್ತಿರ ಹಾರಿಸುವಾಗಲೂ ಜೋಪಾನ: ಅಲೆ, ಹೊಳಪು ಕಂಡು ಹೊಟ್ಟೆಯ ಕೆಳಗಿನ ಸೆನ್ಸರುಗಳು ಮೋಸಹೋಗುತ್ತವೆ.

ಉಳಿದುಕೊಂಡ ಡ್ರೋನನ್ನು ಹೊಸ ಬ್ಯಾಟರಿಯಲ್ಲಿ ಹುಲ್ಲಿನ ಮೇಲೆ, ಸೊಂಟದೆತ್ತರದಲ್ಲಿ ಹತ್ತು ನಿಮಿಷ ನಿಲ್ಲಿಸಿ. ಇಳಿಸಿ ನಾಲ್ಕೂ ಮೋಟಾರುಗಳನ್ನು ಮುಟ್ಟಿ ನೋಡಿ, ಒಂದು ಮಾತ್ರ ಸುಡುತ್ತಿದ್ದರೆ ಅದರ ಬೇರಿಂಗ್ ಬದಲಿಸಿ. ಎಫ್‌ಪಿವಿ ಬೋರ್ಡಾದರೆ ಬ್ಯಾರೋಮೀಟರ್, ಯುಎಸ್‌ಬಿ ಬಾಯಿ, ಬಟನ್, ಕನೆಕ್ಟರುಗಳನ್ನು ಟೇಪಿನಿಂದ ಮುಚ್ಚಿ, ಸಿಲಿಕೋನ್ ಕನ್ಫಾರ್ಮಲ್ ಕೋಟಿಂಗನ್ನು (ಬೋರ್ಡನ್ನು ತೇವದಿಂದ ಕಾಪಾಡುವ ಲೇಪನ) ತೆಳ್ಳಗೆ ಎರಡು ಸಲ ಬಳಿಯಿರಿ. ಮೂರು ವಾರದವರೆಗೆ ಜನರ ತಲೆಯ ಮೇಲೆ ಹಾರಿಸಬೇಡಿ. ಮೂರು ವಾರವಾದ ಮೇಲೆ ಮುಚ್ಚಳವನ್ನು ಇನ್ನೊಮ್ಮೆ ಬಿಚ್ಚಿ, ಭೂತಗನ್ನಡಿ ಹಿಡಿದು, ಬ್ಯಾಟರಿ ಕನೆಕ್ಟರಿನ ಬುಡ, ಜಿಪಿಎಸ್ಸಿನ ಬ್ಯಾಕಪ್ ಸೆಲ್, ರಿಬ್ಬನ್ ಕೂರುವ ಬಾಯಿ ನೋಡಿ. ಮೊದಲ ಸಲ ತಪ್ಪಿಸಿಕೊಂಡ ಉಪ್ಪು ಅಷ್ಟರಲ್ಲಿ ಬಿಳಿ ಅಥವಾ ಹಸಿರು ಪುಡಿಯಾಗಿ ಕಾಣಿಸಿಕೊಂಡಿರುತ್ತದೆ. ಆ ಜಾಗವನ್ನಷ್ಟೇ ಡಿಸ್ಟಿಲ್ಡ್ ವಾಟರಿನಿಂದ, ಬಳಿಕ ಐಪಿಎಯಿಂದ ತೊಳೆದು ಒಣಗಿಸಿ ಮುಚ್ಚಿ.