ತುಡುವೆ ಜೇನಿನ ಕುಣಿತ ಓದುವ ಪ್ರಯತ್ನ: ಕಾಫಿ ಹೂವಿನ ದಿನಗಳ ದಾಖಲೆ

ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯ ಜಗಲಿಯಲ್ಲಿ, ಎರಡು ಬದಿಗೂ ಗಾಜು ಹಾಕಿಸಿದ ಒಂದೇ ಚೌಕಟ್ಟಿನ ಪೆಟ್ಟಿಗೆಗೆ ತುಡುವೆ ಕುಟುಂಬವೊಂದನ್ನು ಇಳಿಸಿ ಎರಡು ತಿಂಗಳಾಯಿತು. ಹೂವಿನ ಸುದ್ದಿ ಒಂದು ಜೇನಿನಿಂದ ಇಡೀ ಕುಟುಂಬಕ್ಕೆ ಹೇಗೆ ಹಬ್ಬುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬುದೇ ಉದ್ದೇಶ. ಹೂವು ಕಂಡು ಬಂದ ಜೇನು ಗೂಡಿನೊಳಗೆ ಕುಣಿದು ಅದರ ದಿಕ್ಕು ಮತ್ತು ದೂರವನ್ನು ಉಳಿದವಕ್ಕೆ ತಿಳಿಸುತ್ತದೆ. ಈ ಕುಣಿತದ ಅರ್ಥವನ್ನು ಬಿಡಿಸಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು.

ಮಾರ್ಚ್ ಮೊದಲ ವಾರ. ಸ್ಪ್ರಿಂಕ್ಲರ್ ನೀರು ಕೊಟ್ಟ ರೊಬಸ್ಟಾ ತಾಕು ಎಂಟು-ಹತ್ತು ದಿನಗಳಲ್ಲಿ ಬೆಳ್ಳಗೆ ಅರಳಿತು. ಕುಣಿಯುವ ಜೇನು ಎರಿಯ (ಮೇಣದ ಹಲ್ಲೆಯ) ಮೇಲೆ ನೇರ ಮೇಲ್ಮುಖವಾಗಿ ಹೊಟ್ಟೆ ಅಲುಗಿಸುತ್ತ ಓಡಿದರೆ ಹೂವು ಸೂರ್ಯನ ದಿಕ್ಕಿನಲ್ಲಿದೆ ಎಂದರ್ಥ. ಲಂಬದಿಂದ ನಲವತ್ತು ಡಿಗ್ರಿ ಬಲಕ್ಕೆ ಓಡಿದರೆ ಸೂರ್ಯನಿಂದ ಅಷ್ಟೇ ಬಲಕ್ಕೆ ಹೂವಿದೆ. ಲಂಬರೇಖೆಗಾಗಿ ಗಾರೆ ಕೆಲಸದವರ ತೂಗುಗುಂಡನ್ನು ಗಾಜಿನ ಮುಂದೆ ಇಳಿಬಿಟ್ಟು, ಫೋನಿನಲ್ಲಿ ಚಿತ್ರೀಕರಿಸಿ, ಕೋನವನ್ನು ನಿಧಾನವಾಗಿ ಅಳೆದೆ. ಹೆಚ್ಚಿನ ಕುಣಿತಗಳು ಆ ತಾಕಿನತ್ತಲೇ ತೋರಿಸಿದಾಗ ಆದ ಸಂತೋಷವನ್ನು ಬರೆದಿಡದೆ ಇರಲಾರೆ.

ದೂರದ ಲೆಕ್ಕದಲ್ಲಿ ಮಾತ್ರ ಎಡವಿದೆ. ಹೊಟ್ಟೆ ಎಷ್ಟು ಹೊತ್ತು ಅಲುಗುತ್ತದೋ ಹೂವು ಅಷ್ಟು ದೂರ. ಒಂದು ಸೆಕೆಂಡಿನ ಅಲುಗಾಟಕ್ಕೆ ಸರಿಸುಮಾರು ಒಂದು ಕಿಲೋಮೀಟರ್ ಎಂಬ ಯುರೋಪಿನ ಜೇನಿನ ಅಳತೆಯನ್ನೇ ಹಿಡಿದದ್ದರಿಂದ ಹೂವೆಲ್ಲ ಪಕ್ಕದ ತೋಟದಾಚೆಗೆ ಹೋಗಿ ಬಿದ್ದವು. ದಕ್ಷಿಣ ಭಾರತದಲ್ಲಿ ಕೋಲುಜೇನು, ತುಡುವೆ ಮತ್ತು ಹೆಜ್ಜೇನುಗಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವನ್ನು ಓದಿದ ಮೇಲೆ ಕಾರಣ ತಿಳಿಯಿತು: ಹತ್ತಿರದಲ್ಲೇ ಮೇಯುವ ತುಡುವೆ, ಅದೇ ದೂರಕ್ಕೆ ಹೆಚ್ಚು ಹೊತ್ತು ಅಲುಗುತ್ತದೆ. ಸಕ್ಕರೆ ಪಾಕದ ತಟ್ಟೆಯನ್ನು 100, 200, 300 ಮೀಟರ್‌ಗಳಲ್ಲಿ ಇಟ್ಟು ನಮ್ಮ ಕುಟುಂಬದ್ದೇ ಅಳತೆಪಟ್ಟಿ ಮಾಡಿಕೊಳ್ಳುತ್ತಿದ್ದೇನೆ.

ಏಪ್ರಿಲ್ ಎರಡನೆಯ ವಾರ. ಮಳೆ ಬಿದ್ದು ಅರೇಬಿಕಾ ಅರಳಿದಾಗ ಮಧ್ಯಾಹ್ನದ ಕೋನಗಳು ಚೆಲ್ಲಾಪಿಲ್ಲಿಯಾದವು. ಜೇನಿನದಲ್ಲ ತಪ್ಪು. ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ. ಏಪ್ರಿಲ್ 24-25ರ ಹೊತ್ತಿಗೆ ಹನ್ನೆರಡೂವರೆಯ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅದಕ್ಕೆ ಎರಡು ವಾರ ಮೊದಲೇ, ನಡುಹಗಲಿನಲ್ಲಿ ಸೂರ್ಯನ ದಿಕ್ಕು ನಿಮಿಷಕ್ಕೆ ಎರಡು ಡಿಗ್ರಿಗೂ ಹೆಚ್ಚು ತಿರುಗುತ್ತದೆ. ಕುಣಿತದ ಕೋನದಿಂದ ಹೂವಿನ ದಿಕ್ಕು ತಿಳಿಯಲು ಆ ಕ್ಷಣದ ಸೂರ್ಯನ ದಿಕ್ಕು ಗೊತ್ತಿರಬೇಕು. ಫೋನಿನ ಗಡಿಯಾರವನ್ನು ನೋಡದೆ ಅಂದಾಜಿನಲ್ಲಿ ಬರೆದ ನನ್ನ ವೇಳೆಯೇ ಲೆಕ್ಕವನ್ನೆಲ್ಲ ಕೆಡಿಸಿತ್ತು.

ಈ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಸುದ್ದಿ ಆರಿಹೋಗುವ ಬಗೆ. ಕುಣಿಯುವ ಜೇನನ್ನು ಹಿಂಬಾಲಿಸುವ ಜೇನು ಹಲವು ಕುಣಿತಗಳನ್ನು ನೋಡಿ ತೂಗುವುದಿಲ್ಲ. ಎದುರಿಗೆ ಸಿಕ್ಕ ಒಂದನ್ನು ಅನುಸರಿಸಿ ಹೊರಡುತ್ತದೆ. ಮಕರಂದ ಸಮೃದ್ಧವಾಗಿದ್ದರೆ ಸುದ್ದಿ ಹೇಳುವ ಜೇನು ಕುಣಿತದ ಸುತ್ತನ್ನು ಮತ್ತೆ ಮತ್ತೆ ಹಾಕುವುದರಿಂದ ಅದಕ್ಕೆ ಹಿಂಬಾಲಕರು ಹೆಚ್ಚು ಸಿಗುತ್ತಾರೆ, ಅಷ್ಟೆ. ಕಾಫಿ ಹೂವಿನ ಆಯುಸ್ಸು ಎರಡು-ಮೂರು ದಿನ. ಎಸಳು ಕಂದಿದಾಗ "ಅಲ್ಲಿ ಮುಗಿಯಿತು" ಎಂದು ಯಾರೂ ಸಾರಲಿಲ್ಲ. ಸುತ್ತುಗಳು ಕಡಿಮೆಯಾದವು, ಮರುದಿನ ಆ ದಿಕ್ಕಿನ ಕುಣಿತವೇ ಇರಲಿಲ್ಲ. ಬಣ್ಣದ ಚುಕ್ಕೆ ಇಟ್ಟಿದ್ದ ಎರಡು ಜೇನುಗಳು ಮಾತ್ರ ಆ ಬೆಳಿಗ್ಗೆಯೂ ಬಾಡಿದ ಗಿಡಗಳನ್ನು ಒಮ್ಮೆ ನೋಡಿ ಬಂದು, ಕುಣಿಯದೆ ಎರಿಯ ಮೇಲೆ ಕುಳಿತವು.

ಇನ್ನು ಮುಂದೆ ಬೆಳಿಗ್ಗೆ ಹತ್ತರೊಳಗಿನ ಮತ್ತು ಮಧ್ಯಾಹ್ನ ಮೂರರ ನಂತರದ ಕುಣಿತಗಳನ್ನಷ್ಟೇ ಅಳೆಯುತ್ತೇನೆ. 400 ಮೀಟರ್ ತಟ್ಟೆಗೆ ಜಾಗ ನೋಡಿಯಾಗಿದೆ.