ರಾತ್ರಿ ಎರಡಕ್ಕೆ ಹೇಗೆ ಬರ್ತೀಯಪ್ಪ?

ಮನೆ ತೋರಿಸಿದ ಬ್ರೋಕರ್ ನಿಲ್ಲಿಸದೆ ಮಾತಾಡಿದ. ಪಕ್ಕದ ಮನೆಯ ಮೆಟ್ಟಿಲು ಗುಡಿಸುತ್ತಿದ್ದ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. ಈ ವಾರವೆಲ್ಲ ತಲೆಯಲ್ಲಿ ಕೂತಿರುವುದು ಆ ಅಜ್ಜಿಯ ಪ್ರಶ್ನೆ.

ಹೆಂಡತಿಯ ತಮ್ಮನಿಗೆ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಕೆಲಸವೂ ಕ್ವೀನ್ಸ್‌ನಲ್ಲೇ, ಎಲ್ಮ್‌ಹರ್ಸ್ಟ್‌ನಲ್ಲಿ, ಪಾಳಿ ಮುಗಿಯುವುದು ನಡುರಾತ್ರಿ ದಾಟಿದ ಮೇಲೆ. ಶನಿವಾರ ನೋಡಿದ ಮನೆ ರಿಡ್ಜ್‌ವುಡ್‌ನಲ್ಲಿ, ಬ್ರೂಕ್ಲಿನ್ ಗಡಿಗೆ ಅಂಟಿಕೊಂಡ ಹಾಗೆ. ಕ್ವೀನ್ಸ್, ಬ್ರೂಕ್ಲಿನ್ ಎರಡೂ ನಗರದ ಬೇರೆ ಬೇರೆ 'ಬರೋ', ಅಂದರೆ ದೊಡ್ಡ ವಿಭಾಗಗಳು. ಬ್ರೋಕರ್ ಮೊದಲು "ಇದು ಹೆಚ್ಚುಕಡಿಮೆ ಬುಶ್ವಿಕ್ಕೇ" ಅಂದ. ಬುಶ್ವಿಕ್ ಅಂದರೆ ಗಡಿಯಾಚೆಯ ಬ್ರೂಕ್ಲಿನ್ ಬಡಾವಣೆ. ಹುಡುಗನ ಮುಖ ಅರಳಿತು. "ಅಲ್ಲಿ ಗಲಾಟೆ ಜಾಸ್ತಿ ಅಲ್ವಾ?" ಅಂತ ನಾನು ರಾಗ ಎಳೆದೆ. ತಕ್ಷಣ "ಇಲ್ಲ ಸರ್, ಇದು ಪಕ್ಕಾ ಕ್ವೀನ್ಸ್, ಭಾರೀ ಶಾಂತ" ಅಂದ. ನಿಂತ ಜಾಗದಲ್ಲೇ ಮನೆ ಬರೋ ಬದಲಾಯಿಸಿತು! ಇಂಥವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಒಳಗೊಳಗೇ ಮೆಚ್ಚುತ್ತೇನೆ.

ಗಡಿ ಕೂಡ ಅವನಂಥದ್ದೇ ಬಿಡಿ. ಮೊದಲು ಈ ಎರಡು ಬರೋಗಳ ನಡುವಿನ ಗೆರೆ ಇಲ್ಲಿ ನೇರವಾಗಿ ಓಡುತ್ತಿತ್ತು, ಮನೆಗಳ ನಡುವೆಯೇ ಹಾದು. 1925ರಲ್ಲಿ ಅದನ್ನು ರಸ್ತೆಗಳಿಗೆ ಹೊಂದಿಸಿದರು. ಅದಕ್ಕೇ ಈಗ ನಕ್ಷೆಯಲ್ಲಿ ಅಂಕುಡೊಂಕು. ಅಂಚೆಯವರ ಲೆಕ್ಕದಲ್ಲಿ ಮಾತ್ರ ರಿಡ್ಜ್‌ವುಡ್ ಆಮೇಲೂ ಬ್ರೂಕ್ಲಿನ್ ಜೊತೆಗೇ ಇತ್ತು. 1977ರಲ್ಲಿ ನಗರದ ಬಹುಭಾಗಕ್ಕೆ ಕರೆಂಟ್ ಹೋದ ರಾತ್ರಿ ಬುಶ್ವಿಕ್‌ನಲ್ಲಿ ಲೂಟಿ, ಬೆಂಕಿ. ಆಮೇಲೆ ರಿಡ್ಜ್‌ವುಡ್ ಜನ ನಮಗೆ ಬೇರೆ ಪಿನ್‌ಕೋಡ್ ಕೊಡಿ ಅಂತ ಹಟ ಹಿಡಿದು 11385 ಪಡೆದರು. ಈಗ ಅದೇ ಬುಶ್ವಿಕ್ ಹೆಸರು ಹೇಳಿ ಬಾಡಿಗೆ ಏರಿಸುತ್ತಾರೆ. ಬಡಾವಣೆಗಳ ಗಡಿಯನ್ನಂತೂ ನಗರಾಡಳಿತ ಕಾನೂನಾಗಿ ಎಲ್ಲೂ ಬರೆದಿಟ್ಟಿಲ್ಲ. ಯಾರು ಜೋರಾಗಿ ಹೇಳುತ್ತಾರೋ ಅವರದ್ದೇ ಗಡಿ.

ನಮ್ಮ ಈ ವಾದವನ್ನೆಲ್ಲ ಕೇಳುತ್ತಿದ್ದ ಅಜ್ಜಿ ಪೊರಕೆಯನ್ನು ಕಂಬಿಗೆ ಒರಗಿಸಿದರು. ಕೈಗೆ ಹಳದಿ ರಬ್ಬರ್ ಗ್ಲೌಸು, ಕಾಲಿಗೆ ಮನೆಯೊಳಗಿನ ಚಪ್ಪಲಿ. ಬ್ರೋಕರ್ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗನನ್ನು ಕೇಳಿದರು: "ಕೆಲಸ ಎಲ್ಲಿ?"

"ಎಲ್ಮ್‌ಹರ್ಸ್ಟ್."

"ಎಷ್ಟು ಹೊತ್ತಿಗೆ ಬಿಡ್ತಾರೆ?"

"ಒಂದೂವರೆ ಆಗುತ್ತೆ."

"ಹಾಗಾದ್ರೆ ರಾತ್ರಿ ಎರಡಕ್ಕೆ ಹೇಗೆ ಬರ್ತೀಯಪ್ಪ?"

ಬ್ರೋಕರ್ ಥಟ್ಟನೆ "ಎಂ ಟ್ರೈನ್ ಇದೆಯಲ್ಲ" ಅಂದ. ಅಜ್ಜಿ ನಕ್ಕುಬಿಟ್ಟರು.

ಯಾಕೆ ನಕ್ಕರು ಅಂತ ರೈಲಿನ ನಕ್ಷೆ ನೋಡಿದರೆ ಗೊತ್ತಾಗುತ್ತದೆ. ವಾರದ ದಿನಗಳಲ್ಲಿ ಹಗಲು ಎಂ ರೈಲು ಕ್ವೀನ್ಸ್‌ನ ಮಿಡಲ್ ವಿಲೇಜ್‌ನಲ್ಲಿ ಹೊರಡುತ್ತದೆ. ಬ್ರೂಕ್ಲಿನ್ ದಾಟಿ, ಮ್ಯಾನ್‌ಹಟನ್ ಸುತ್ತಿ, ಮತ್ತೆ ಕ್ವೀನ್ಸ್‌ಗೇ ಬಂದು ಫಾರೆಸ್ಟ್ ಹಿಲ್ಸ್‌ನಲ್ಲಿ ನಿಲ್ಲುತ್ತದೆ. ಹೊರಟ ಜಾಗಕ್ಕೂ ತಲುಪಿದ ಜಾಗಕ್ಕೂ ನಡುವೆ ಸುಮಾರು ನಾಲ್ಕು ಕಿಲೋಮೀಟರ್ ಅಷ್ಟೇ! ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅನ್ನುವುದು ಇದಕ್ಕೇ. ನಡುರಾತ್ರಿ ಮೇಲೆ ಆ ಸುತ್ತೂ ಇಲ್ಲ, ಬ್ರೂಕ್ಲಿನ್‌ನ ಮರ್ಟಲ್ ಅವೆನ್ಯೂವರೆಗೆ ಮಾತ್ರ, ಎಲ್ಮ್‌ಹರ್ಸ್ಟ್ ಕಡೆಗೆ ಬರುವುದೇ ಇಲ್ಲ. ಎಲ್ಮ್‌ಹರ್ಸ್ಟ್‌ನಿಂದ ರೈಲಿನಲ್ಲೇ ಬರ್ತೀನಿ ಅಂದರೆ ಇ ರೈಲು ಹಿಡಿದು, ಜಿ ಹಿಡಿದು, ಆಮೇಲೆ ಎಲ್ ಹಿಡಿಯಬೇಕು. ಉಳಿದದ್ದು ಕ್ಯೂ58 ಬಸ್ಸು. ಅಜ್ಜಿ ಅದನ್ನೇ ಹೇಳಿದ್ದು, "ಬಸ್ ಬರುತ್ತೆ, ಆದ್ರೆ ಚಳಿಗಾಲದಲ್ಲಿ ಕಾದು ನೋಡು."

ಈ ರೈಲುಗಳನ್ನು ಹಾಕಿದವರ ತಲೆಯಲ್ಲಿ ಇದ್ದದ್ದು ಒಂದೇ: ಎಲ್ಲರೂ ಬೆಳಗ್ಗೆ ಎದ್ದು ಮ್ಯಾನ್‌ಹಟನ್‌ಗೆ ಹೋಗುತ್ತಾರೆ. ಕ್ವೀನ್ಸ್‌ನವನಿಗೆ ಕ್ವೀನ್ಸ್‌ನಲ್ಲೇ ಕೆಲಸ ಇರಬಹುದು, ಅದೂ ರಾತ್ರಿ ಪಾಳಿ, ಅಂತ ಯಾರೂ ಯೋಚಿಸಿದ ಹಾಗೆ ಕಾಣುವುದಿಲ್ಲ. ಬೇ ರಿಡ್ಜ್‌ನಿಂದ ಜಾಕ್ಸನ್ ಹೈಟ್ಸ್‌ವರೆಗೆ, ಈಗ ಗೂಡ್ಸ್ ಗಾಡಿ ಓಡುವ ಹಳಿಯ ಜಾಡಿನಲ್ಲೇ ಸುಮಾರು 22 ಕಿಲೋಮೀಟರ್ ಹೊಸ ಸಾರಿಗೆ ಮಾರ್ಗ ಮಾಡುತ್ತೇವೆ ಅಂತ ಗವರ್ನರ್ ಕ್ಯಾಥಿ ಹೋಕಲ್ 2022ರಲ್ಲಿ ಹೇಳಿದರು; ಅದು ಲೈಟ್ ರೈಲು ಅಂತ ತೀರ್ಮಾನವಾದದ್ದು 2023ರಲ್ಲಿ. ಮ್ಯಾನ್‌ಹಟನ್ ಮುಟ್ಟದೆ ಬ್ರೂಕ್ಲಿನ್ನನ್ನೂ ಕ್ವೀನ್ಸನ್ನೂ ಜೋಡಿಸುವ ದಾರಿ. ಒಳ್ಳೆಯದೇ. ಜಾಗ ಇದೆ, ಹಳಿ ಇದೆ, ಜನರಿದ್ದಾರೆ. ಇಷ್ಟು ತಡ ಯಾಕೆ ಅನ್ನುವುದೇ ನನಗೆ ಅರ್ಥವಾಗದ್ದು.

ಹುಡುಗನಿಗೆ ಆ ಮನೆ ಇನ್ನೂ ಇಷ್ಟ. "ಭಾವ, ಕಿಟಕಿ ದೊಡ್ಡದಿದೆ" ಅನ್ನುತ್ತಾನೆ. ನಾನು ಎಲ್ಮ್‌ಹರ್ಸ್ಟ್ ಪಕ್ಕದ ವುಡ್‌ಸೈಡ್‌ನಲ್ಲಿ ಒಂದು ನೋಡಿಟ್ಟಿದ್ದೇನೆ. ಕಿಟಕಿ ಚಿಕ್ಕದು, ಆದರೆ ಅಲ್ಲಿ 7 ನಂಬರ್ ರೈಲು ರಾತ್ರಿಯೆಲ್ಲ ಓಡುತ್ತದೆ.