ಕಣ್ಣಿಗಿಂತ ಕಿವಿಗೇ ಕೆಲಸ ಜಾಸ್ತಿ

‘ಕೈಗೆ ಸೊಳ್ಳೆ ಕ್ರೀಮು ಹಚ್ಚಬೇಡ.’ ಕಪ್ಪೆ ಸರ್ವೆಗೆ ಹೊರಟಾಗ ಸಿಕ್ಕ ಮೊದಲ ಅಪ್ಪಣೆ ಇದು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನಮ್ಮ ಕೈಯಲ್ಲಿದ್ದದ್ದು ಸೀದಾ ಅದರ ಮೈಗಿಳಿಯುತ್ತದೆ. ಎರಡನೇ ಅಪ್ಪಣೆ, ಇನ್ನೊಂದು ಹಳ್ಳ ತುಳಿದು ಬಂದ ಗಮ್‌ಬೂಟನ್ನು ಬ್ಲೀಚ್ ನೀರಲ್ಲಿ ತೊಳೆಯಬೇಕು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಬೂಟಿನ ಜೊತೆಗೂ ಹಳ್ಳದಿಂದ ಹಳ್ಳಕ್ಕೆ ಹೋಗಬಲ್ಲದು. ನಮ್ಮನ್ನು ಹೀರುವ ಉಂಬಳಗಳಿಗೆ ಮಾತ್ರ ಯಾವ ನಿಯಮವೂ ಇಲ್ಲ!

ಜಾಗ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕಡೆ. ರಾಮಪತ್ರೆ ಜಡ್ಡಿಗಳ, ಅಂದರೆ ರಾಮಪತ್ರೆ ಮರಗಳಿರುವ ಜೌಗು ನೆಲದ ಕಾಡು. ಮಳೆ ಸ್ವಲ್ಪ ಬಿಟ್ಟಿತ್ತು. ಟಾರ್ಚ್ ಆರಿಸಿ ಸುಮ್ನೆ ನಿಂತೆವು. ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಹುಡುಕಬೇಕು. ಒಂದೊಂದೇ ಕೂಗಾದರೆ ಪಟ್ಟಿಯಲ್ಲಿ 1. ಒಂದರ ಮೇಲೊಂದು ಬಿದ್ದರೂ ಬಿಡಿಸಿ ಎಣಿಸಲು ಬಂದರೆ 2. ಬರೀ ಗದ್ದಲವಾದರೆ 3. ಎಣಿಕೆಯ ಜೊತೆ ಸಮಯ, ತಾಪಮಾನ, ಮಳೆ ಎಲ್ಲವನ್ನೂ ಬರೆಯಬೇಕು. ಒದ್ದೆ ಕಾಗದದ ಮೇಲೆ ಪೆನ್ನು ಓಡದು, ಪೆನ್ಸಿಲ್ಲೇ ಗತಿ.

‘ಟಕ್... ಟಕ್’ ಅಂತ ಮರ ಕುಟ್ಟಿದ ಹಾಗೆ ಒಂದು ಸದ್ದು. ಗೆಳತಿ ನನ್ನ ಮೊಣಕೈ ಹಿಡಿದಳು. ಕುಂಬಾರ ಕಪ್ಪೆ! ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದ ಕಪ್ಪೆ ಇದು. ನೀರಿನ ಮೇಲೆ ಚಾಚಿದ ಕಡ್ಡಿಯಲ್ಲಿ ಮೊಟ್ಟೆಗಳು ಅಂಟಿಕೊಂಡಿದ್ದವು. ಗಂಡು ಹಳ್ಳದ ತಳದಿಂದ ಮುಂಗೈ ತುಂಬ ಕೆಸರು ತೆಗೆಯಿತು. ಹಿಂಗಾಲ ಮೇಲೆ ನೆಟ್ಟಗೆ ನಿಂತಿತು. ಮೊಟ್ಟೆಗೆ ಕೆಸರು ಮೆತ್ತಿತು. ಮತ್ತೆ ಬಗ್ಗಿತು, ಮತ್ತೆ ಎದ್ದಿತು. ಹೆಸರಿಟ್ಟವರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಕೆಲಸವೇ ಇರಲಿಲ್ಲ ಅನಿಸಿತು. ಮಳೆ ಬರಲಿ ಅಂತ ಕಪ್ಪೆಗೆ ಮದುವೆ ಮಾಡಿಸುತ್ತೇವೆ, ಅದರ ಸಂಸಾರ ನೋಡಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ, ಅಲ್ವಾ?

ಬೆಳಿಗ್ಗೆ ಉಳಿದುಕೊಂಡಿದ್ದ ಮನೆಯ ಯಜಮಾನರಿಗೆ ರೆಕಾರ್ಡಿಂಗ್ ಕೇಳಿಸಿದೆವು. ‘ನಮ್ಮ ತೋಟದ ಕೆಳಗಿನ ಹಳ್ಳದಲ್ಲೂ ಇದ್ದು ತಂಗೀ. ಎಂತದೋ ಹಕ್ಕಿ ಅಂದ್ಕಂಡಿದ್ದೆ’ ಅಂದರು. ಸರ್ವೆಯವರಿಗೆ ಕಾಫಿಗಿಂತ ಆ ಮಾತೇ ಹೆಚ್ಚು ರುಚಿಸಿತು. ಅದಕ್ಕೆ ಕಾರಣವಿದೆ. 2016ರಲ್ಲಿ ವಿವರಿಸಿದ ಕರಾವಳಿ ಕಪ್ಪೆಯ ಕೂಗು ಮಿಂಚುಳ್ಳಿಯದರಂತೆ ಇರುತ್ತದೆ. ಅದನ್ನು ಬೆಳಕಿಗೆ ತಂದವರಲ್ಲಿ ಉತ್ತರ ಕನ್ನಡದ ಒಬ್ಬ ಅರಣ್ಯ ರಕ್ಷಕರೂ ಇದ್ದರು. ಸಂಶೋಧಕರು ಮಳೆಗಾಲದಲ್ಲಿ ಬಂದು ಹೋಗುವವರು. ದಿನಾ ರಾತ್ರಿ ಕೇಳುವ ಕಿವಿ ಊರಿನವರದ್ದೇ.

ಈಗ ಯಜಮಾನರು ವಾಟ್ಸಾಪ್‌ನಲ್ಲಿ ಕೂಗು ಕಳಿಸುತ್ತಾರೆ, ದಿನಾಂಕ, ಜಾಗ, ಮಳೆ ಇತ್ತೋ ಇಲ್ಲವೋ ಎಲ್ಲ ಬರೆದು. ಮೊನ್ನೆಯದು ನನ್ನ ಕಿವಿಗೆ ಯಾವುದೋ ಹುಳದ ಚಿರಿಚಿರಿಯಂತೆ ಕೇಳಿಸಿತು. ಆದರೆ ಮಣಿಪಾಲದ ಸುತ್ತಮುತ್ತ ಸಿಕ್ಕ ಪುಟ್ಟ ಲ್ಯಾಟರೈಟ್ ಕಪ್ಪೆಯೂ ಹುಳದಂತೆಯೇ ಕೂಗುತ್ತದೆ. ಹಾಗಾಗಿ ಅಳಿಸದೆ ಗೆಳತಿಗೆ ಕಳಿಸಿದ್ದೇನೆ. ಅವಳಿನ್ನೂ ಉತ್ತರಿಸಿಲ್ಲ.